ಮಾಳಿಗೆಯ ಅಡಿಹಾಸು

ಕರ್ಣಾಟಕದ ವಾಸ್ತುವನ್ನು ಕುರಿತು ಬರೆದವರು ಪ್ರಾಯಶಃ ದೇವಾಲಯದ ಅಧಿಷ್ಠಾನದಿಂದ ತೊಡಗಿ ಶಿಖರದವರೆಗೆ ಏರುವರು. ಕೋಟೆಯ ಕೊತ್ತಳಗಳನ್ನೂ ಅರಮನೆಯ ಕಂಬಗಳನ್ನೂ ವರ್ಣಿಸುವರು. ಒಕ್ಕಲಿಗನ ಮನೆಯಲ್ಲಿ ಕಾಲಿಡುವ ನೆಲವು ಯಾವುದರ ಮೇಲೆ ನಿಂತಿದೆಯೆಂಬುದನ್ನು ವಿಚಾರಿಸಿದವರು ವಿರಳ. ನೆಲವು ಭೂಮಿಯ ಮೇಲೆಯೇ ಇದ್ದ ಪಕ್ಷದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿಲ್ಲ. ಮೊರಮು ಹಾಕಿ, ದಮ್ಮಸು ಬಡಿದು, ಸಗಣಿ ಸಾರಿಸಿದರೆ ಕೆಲಸ ತೀರಿತು. ಆದರೆ ನೆಲವು ಮರದ ಮೇಲೆ ನಿಲ್ಲಬೇಕಾದಾಗ, ಎಂದರೆ ಅಟ್ಟ, ಮಾಳಿಗೆ, ಉಪ್ಪರಿಗೆಗಳಲ್ಲಿ, ವಿಷಯವು ಬೇರೆಯಾಗುತ್ತದೆ. ಮರವು ಬಾಗುವುದು, ಮಳೆಗಾಲದಲ್ಲಿ ಹಿಗ್ಗುವುದು, ಬೇಸಗೆಯಲ್ಲಿ ಕುಗ್ಗುವುದು. ಅದರ ಮೇಲಣ ಗಚ್ಚೂ ಕಲ್ಲೂ ಹಾಗೆ ಬಾಗಲಾರವು, ಬಿರಿಯುವುವು. ಒಂದಕ್ಕೊಂದು ಒಗ್ಗದ ಈ ಎರಡರ ನಡುವೆ ಮೂರನೆಯದೊಂದು ಪದರವು ಬೇಕಾಗುತ್ತದೆ. ಅದನ್ನು ಈ ಲೇಖನದಲ್ಲಿ ಅಡಿಹಾಸು ಎಂದು ಕರೆಯಲಾಗಿದೆ. ಹಳೆಯ ಮಾಳಿಗೆಯನ್ನು ಕಟ್ಟಿದವರು ಈ ಪದರವನ್ನು ಎಂದೂ ಮರೆತವರಲ್ಲ. ಅದನ್ನು ಮರೆತದ್ದು ಕಳೆದ ನೂರೈವತ್ತು ವರ್ಷಗಳ ಈಚಿನ ಮಾತು.

ಮಾನ್ವಿ ಸೀಮೆಯ ಕುರ್ಡಿಯು ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬಿನಲ್ಲಿದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುವುದು. ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಕ್ರಿ. ಶ. 1294ರಲ್ಲಿ ಕಾಕತೀಯರ ಕಡೆಯವರು ರಾಯಚೂರು ಕೋಟೆಯನ್ನು ಕಟ್ಟಿಸಿದಾಗ ಗೋಡೆಯಲ್ಲಿರಿಸಿದ ಶಾಸನದ ಬಂಡೆಯು ನಲವತ್ತು ಅಡಿಗಿಂತಲೂ ಉದ್ದವಾಗಿದೆ. ಅದನ್ನು ಬಂಡಿಯ ಮೇಲೆ ಎಳೆತಂದ ಬಗೆಯನ್ನು ಸಹ ಗೋಡೆಯ ಮೇಲೆಯೇ ಕೊರೆದಿರುವರು. ಬರವಿರುವುದು ಮರಕ್ಕೆ. ಮಲೆನಾಡಿನಲ್ಲಿ ಸುಲಭವಾಗಿ ದೊರೆಯುವ ನೇರವಾದ ಉದ್ದ ದೂಲಗಳು ಇಲ್ಲಿ ದೊರೆಯುವುದಿಲ್ಲ. ಬೇವು, ಜಾಲಿ ಮೊದಲಾದ ಊರ ಮರಗಳು ಗಟ್ಟಿಯಾದವೇ ಹೌದು, ಆದರೆ ಗಿಡ್ಡವೂ ಡೊಂಕೂ ಆದವು. ಆದುದರಿಂದಲೇ ಇಲ್ಲಿಯ ಕೋಣೆಗಳು ಅಗಲದಲ್ಲಿ ಕಿರಿದಾಗಿರುತ್ತವೆ. ಮನೆಯು ಎಷ್ಟು ದೊಡ್ಡದೆಂಬುದನ್ನು ಅಂಕಣಗಳ ಲೆಕ್ಕದಿಂದ ಹೇಳುವ ವಾಡಿಕೆಯುಂಟು. ಎರಡು ತೊಲೆಗಳ ನಡುವಣ ಎಡೆಯು ಒಂದು ಅಂಕಣ. ವೃತ್ತಪತ್ರಿಕೆಯ ಹಾಳೆಯನ್ನು ಉದ್ದುದ್ದ ಭಾಗಿಸುವ ಅಂಕಣಕ್ಕೂ ಈ ಹೆಸರು ಬಂದುದು ಮನೆಯಿಂದಲೇ ಎಂಬುದನ್ನು ಇಂದಿನ ಅಂಕಣಕಾರರು ನೆನೆಯುವುದು ಅಪೂರ್ವ.

ಮಾಳಿಗೆಯ ರಚನೆಯು ಹೀಗಿದೆ. ಎರಡು ಮೂರು ಅಡಿ ದಪ್ಪದ ಮಣ್ಣಿನ ಅಥವಾ ಕಲ್ಲುಮಣ್ಣಿನ ಗೋಡೆ, ಒಳಗೆ ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ. ತೊಲೆಗೆ ಅಡ್ಡವಾಗಿ ಜಂತೆಗಳು. ಜಂತೆಗಳಿಗೆ ಮತ್ತೆ ಅಡ್ಡವಾಗಿ ಒತ್ತೊತ್ತಾಗಿ ಹೊಂದಿಸಿದ ಸೀಳುಕಟ್ಟಿಗೆ. ಅನುಕೂಲಸ್ಥರ ಮನೆಯಲ್ಲಾದರೆ ಹಲಗೆ. ಇಲ್ಲಿಗೆ ಮರದ ಕೆಲಸವು ಮುಗಿಯಿತು. ಬಡಗಿಯು ಇಳಿದ ಮೇಲೆ ಮಣ್ಣಿನವರು ಏರುವ ಮೊದಲು ನಡೆಯುವ ಕೆಲಸವೇ ಈ ಲೇಖನಕ್ಕೆ ಮುಖ್ಯವಾದುದು. ಕಟ್ಟಿಗೆಯ ಸಂದುಗಳನ್ನು ತೊಗರಿಕಟ್ಟಿಗೆಯಂಥ ಸಣ್ಣ ಕಡ್ಡಿಗಳಿಂದ ತುಂಬಿ, ಅದರ ಮೇಲೆ ಬೇವಿನ ತಪ್ಪಲನ್ನು ದಪ್ಪವಾಗಿ ಹರಡುವರು. ಆಮೇಲೆ ಕಲಸಿದ ಮಣ್ಣು, ಅದನ್ನು ತುಳಿದು ಗಟ್ಟಿ ಮಾಡುವುದು, ಕೊನೆಗೆ ಸವಳು ಮಣ್ಣಿನ ಮೇಲ್ಮುದ್ದೆ.

ಬೇವಿನ ತಪ್ಪಲಿನ ಪದರವನ್ನು ಹುಳುವಿನ ಭಯಕ್ಕಾಗಿ ಹಾಕುವುದೆಂದು ಸಾಮಾನ್ಯವಾಗಿ ಹೇಳುವರು. ಅದು ನಿಜವೇ, ಬೇವಿನ ಕಹಿಯು ಹುಳುಗಳನ್ನು ದೂರವಿಡುವುದು. ಆದರೆ ಅಷ್ಟೇ ಅಲ್ಲ. ಆ ಪದರವು ಮೂರು ಕೆಲಸಗಳನ್ನು ಮಾಡುವುದು. ಹಸಿಮಣ್ಣು ಸಂದಿನಿಂದ ಜಾರಿ ಕೆಳಗೆ ಬೀಳದಂತೆ ತಡೆಯುವುದು ಒಂದು. ಏರುತಗ್ಗಾದ ಡೊಂಕು ಕಟ್ಟಿಗೆಯ ಮೇಲೆ ಮಟ್ಟವಾದ ಹಾಸನ್ನು ಒದಗಿಸುವುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು: ಮರಕ್ಕೂ ಮಣ್ಣಿಗೂ ನೇರವಾದ ಬೆಸುಗೆಯಿಲ್ಲದಂತೆ ಮಾಡುವುದು. ಕೆಳಗಿನ ಮರವು ಬೇಸಗೆಯಲ್ಲಿ ಒಂದು ನೂಲು ಕುಗ್ಗಿದರೆ ಆ ಕುಗ್ಗು ತಪ್ಪಲಿನ ಪದರದಲ್ಲಿಯೇ ಅಡಗಿಹೋಗಿ, ಮೇಲಿನ ಮಣ್ಣಿಗೆ ಬಿರುಕಾಗಿ ಮುಟ್ಟುವುದಿಲ್ಲ. ಸವಳು ಮಣ್ಣಿನ ಆಯ್ಕೆಯಲ್ಲಿಯೂ ಇಂಥದೇ ಜಾಣ್ಮೆಯಿದೆ. ಹೊಲಕ್ಕೆ ಶಾಪವಾದ ಸವಳು ಮಾಳಿಗೆಗೆ ವರವು. ಅದರಲ್ಲಿರುವ ಸೋಡಿಯಮ್ಮಿನ ಅಂಶದಿಂದ ನೀರು ಬಿದ್ದೊಡನೆ ಜೇಡಿಯ ಕಣಗಳು ಚದರಿ, ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುವುವು. ಗದ್ದೆಯಲ್ಲಿ ನೀರಿಂಗದಂತೆ ಮಾಡುವ ಗುಣವೇ ಮೇಲ್ಛಾವಣಿಯಲ್ಲಿ ಸೋರದಂತೆ ಕಾಯುವುದು. ಕೈಗೆ ಸಿಕ್ಕುವಷ್ಟು ಹತ್ತಿರದಲ್ಲಿ ಎರೆಮಣ್ಣು ಇದ್ದರೂ ಅದನ್ನು ಮಾಳಿಗೆಗೆ ಏರಿಸುವವರಿಲ್ಲ. ಎರೆಯು ನೆನೆದಾಗ ಉಬ್ಬಿ ಒಣಗಿದಾಗ ಬಾಯಿಬಿಡುವುದೆಂಬುದನ್ನು ಹೊಲದಲ್ಲಿ ಕಾಣದ ರೈತನು ಯಾರು?

ಈ ಕ್ರಮವು ಕೇವಲ ಹಳ್ಳಿಯವರ ರೂಢಿಯಲ್ಲ, ಶಾಸ್ತ್ರಕ್ಕೂ ಗೊತ್ತಿದ್ದುದು. ದಕ್ಷಿಣದ ವಾಸ್ತುಗ್ರಂಥವಾದ ಮಯಮತದಲ್ಲಿ ಪ್ರಸ್ತರವನ್ನು ಹೇಳುವ ಅಧ್ಯಾಯವಿದೆ. ಅಲ್ಲಿ ತುಲಾ, ಜಯಂತೀ, ಅನುಮಾರ್ಗ ಎಂಬ ಮರಗಳನ್ನು ಒಂದರ ಮೇಲೊಂದು ಅಡ್ಡವಾಗಿ ಜೋಡಿಸಿ ಮೇಲಿನ ಹೊದಿಕೆಯನ್ನು ಹೊರಿಸುವ ವಿಧಾನವು ಬಂದಿದೆ. ತೊಲೆಯು ತುಲೆಯ ತದ್ಭವ. ಜಯಂತಿಯೂ ನಮ್ಮ ಜಂತೆಯೂ ಸ್ಥಾನದಲ್ಲಿ ಒಂದೇ, ಧ್ವನಿಯಲ್ಲಿ ಬಹುಮಟ್ಟಿಗೆ ಒಂದೇ. ಭಾಷಾಶಾಸ್ತ್ರಜ್ಞರು ಈ ಸಾಮ್ಯವನ್ನು ಬಿಡದೆ ಪರಿಶೀಲಿಸತಕ್ಕದ್ದು. ಮೂರನೆಯದಾದ ಅನುಮಾರ್ಗದ ಹೆಸರು ಜನರ ಬಾಯಲ್ಲಿ ಉಳಿಯಲಿಲ್ಲ, ಅದರ ಕೆಲಸವನ್ನು ಸೀಳುಕಟ್ಟಿಗೆಯು ವಹಿಸಿಕೊಂಡಿತು. ಒಂದು ಮರವು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ಮತ್ತೊಂದು ಉದ್ದಕ್ಕೆ ಎಂಬ ಈ ತತ್ತ್ವವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸಕ್ತಿಯು ಪುನಃ ಬರುವುದು.

ಕನ್ನಡದಲ್ಲಿ ನೆಲ ಮತ್ತು ನೆಲೆಗಳು ಒಂದೇ ಬೇರಿನ ಚಿಗುರುಗಳು. ಏಳು ನೆಲೆಯ ಮಾಡವೆಂದು ಹಳೆಯ ಕವಿಗಳು ವರ್ಣಿಸುವಾಗ ನೆಲೆಯೆಂಬುದಕ್ಕೆ ಅಂತಸ್ತೆಂದು ಅರ್ಥ ಹೇಳಿ ಪಾಠವನ್ನು ಮುಂದುವರಿಸುವುದು ಶಾಲೆಗಳಲ್ಲಿ ವಾಡಿಕೆ. ಆದರೆ ಅಂತಸ್ತೆನ್ನುವಾಗ ಕಣ್ಣಿಗೆ ಕಾಣುವುದು ಎತ್ತರ. ನೆಲೆಯೆನ್ನುವಾಗ ಕಾಲಿಗೆ ತಾಗುವುದು ಆಧಾರ. ಗಾಳಿಯಲ್ಲಿ ಹೊಸದೊಂದು ನೆಲವನ್ನು ಹುಟ್ಟಿಸಿದಾಗಲೇ ನೆಲೆಯಾಗುವುದು. ಇನ್ನು ನೆಲದ ಮೇಲ್ಮೈಯನ್ನು ಹೇಳುವ ಪದಗಳಲ್ಲಿ ಈ ಸೀಮೆಯ ರಾಜಕೀಯ ಚರಿತ್ರೆಯೇ ಅಡಗಿದೆ. ಕುಟ್ಟಿಮವು ಸಂಸ್ಕೃತದ್ದು. ಗಚ್ಚು ಪಾರಸಿಯ ಗಚ್ ಎಂಬುದರಿಂದ ಬಂದುದು. ಫರಸಿ, ಅಥವಾ ಜನರ ನುಡಿಯಲ್ಲಿ ಪರಸಿ, ಅರಬ್ಬಿಯ ಫರ್ಶ್ ಎಂಬ ಮಾತಿನಿಂದ ಹುಟ್ಟಿ ಮರಾಠಿಯ ಫರ್ಶಿಯೊಡನೆ ನಮ್ಮಲ್ಲಿಯೂ ನೆಲೆಸಿತು. ಬಹಮನಿಗಳೂ ವಿಜಯನಗರದವರೂ ಈ ದೋಆಬಿಗಾಗಿ ಕಾದಾಡಿದುದು, 1520ರ ರಾಯಚೂರು ಕದನ, ಆದಿಲ್‌ಶಾಹಿ, 1686ರಲ್ಲಿ ಬಿಜಾಪುರವು ಬಿದ್ದ ಮೇಲೆ ಮೊಗಲರು, ಅನಂತರ ನಿಜಾಮರು, ಹೀಗೆ ಆರು ಶತಮಾನಗಳ ಒಡನಾಟದಲ್ಲಿ ಇಂಥ ಮಾತುಗಳು ಬಾರದೆ ಇರುವುವೆ? ವಿಶೇಷವೇನೆಂದರೆ, ಫರ್ಶ್ ಎಂಬುದರ ಧಾತ್ವರ್ಥವು ಹಾಸುವುದು, ಹರಡುವುದು ಎಂದು. ನಮ್ಮ ಹಾಸುಗಲ್ಲೂ ಅದೇ. ಎರಡು ಕುಲದ ಎರಡು ಭಾಷೆಗಳು ನೆಲವನ್ನು ಹಾಸಿಗೆಯೆಂದೇ ಭಾವಿಸಿದುವು. ಮೇಲಿನ ಪದರಕ್ಕೆ ಇಷ್ಟು ಹೆಸರುಗಳಿದ್ದರೂ ಅಡಿಯ ಪದರಕ್ಕೆ ಎಲ್ಲರೂ ಒಪ್ಪುವ ಒಂದು ಹೆಸರಿಲ್ಲದಿರುವುದು ಸೋಜಿಗವಲ್ಲ. ಕಣ್ಣಿಗೆ ಬೀಳದುದಕ್ಕೆ ಹೆಸರಿಡುವವರು ಕಡಮೆ.

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದ್ರಾಸಿನ ಕಡೆಯಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿದುವು. ಶಹಾಬಾದವು ಅದೇ ದಾರಿಯ ಮೇಲಿದೆ. ಭೀಮಾ ತೀರದ ಸುಣ್ಣಕಲ್ಲು ಹಲಗೆಗಳಂತೆ ತಾನೇ ಪದರಪದರವಾಗಿ ಏಳುವುದು. ಹೆಚ್ಚಿನ ಕೆತ್ತನೆ ಬೇಡ. ಬಂಡಿಯ ಮೇಲೆ ತರುವಾಗ ದುಬಾರಿಯಾಗಿದ್ದ ಈ ಕಲ್ಲು ರೈಲಿನಿಂದ ಅಗ್ಗವಾಗಿ, ಗೌಡರ ವಾಡೆಗಳಿಂದ ಮೊದಲಾಗಿ ಸಾಮಾನ್ಯರ ಪಡಸಾಲೆಯವರೆಗೆ ಹರಡಿತು. ಭೂಮಿಗೆ ಹಾಸಿದಲ್ಲಿ ಅದಕ್ಕೆ ಸಾಟಿಯಿಲ್ಲ: ತಂಪು, ನುಣುಪು, ತೊಳೆಯಲು ಸುಲಭ. ತೊಡಕು ಬಂದುದು ಅದನ್ನು ಮರದ ಮೇಲೆ ಏರಿಸಿದಾಗ. ಮೇಲಂತಸ್ತಿನ ಹಳೆಯ ಗಚ್ಚು ಸವೆದಿದೆಯೆಂದು ಅದರ ಮೇಲೆಯೇ ಗಾರೆ ಸುರಿದು ಪರಸಿಯನ್ನು ಕೂಡಿಸುವ ಪದ್ಧತಿಯು ರೂಢಿಗೆ ಬಂದಿತು. ಸಿಮೆಂಟು ಬಂದ ಮೇಲಂತೂ ಕೇಳುವುದೇ ಬೇಡ. ಕೆಳಗಿನ ಜಂತೆಯು ಹೇಗಿದೆಯೆಂದು ನೋಡುವವರಾರು?

ಈ ಸ್ಥಳದಲ್ಲಿ ಸ್ವಲ್ಪ ಲೆಕ್ಕವನ್ನು ಹಾಕುವುದು ಅವಶ್ಯ. ಒಂದು ಅಂಗುಲ ದಪ್ಪದ ಪರಸಿಯು ಒಂದು ಚದರ ಮೀಟರಿಗೆ ಸುಮಾರು 65 ಕಿಲೋಗ್ರಾಂ ತೂಗುವುದು. ಅದರ ಕೆಳಗಿನ ಎರಡು ಅಂಗುಲದ ಗಾರೆಯು ಇನ್ನೂ 100 ಕಿಲೋಗ್ರಾಂ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯೊಂದಕ್ಕೆ ಹೀಗೆ ಸೇರುವ ಹೊಸ ಭಾರವು 1800 ಕಿಲೋಗ್ರಾಮಿಗೂ ಮೇಲೆ. ಮಣ್ಣಿನ ಮಾಳಿಗೆಯು ಈ ದೋಷದಿಂದ ಮುಕ್ತವೆಂದು ತಿಳಿಯಬಾರದು. ವರ್ಷಕ್ಕೊಮ್ಮೆ ಮುಂಗಾರಿನ ಮುಂಚೆ ಅರ್ಧ ಅಂಗುಲ ಮೇಲ್ಮುದ್ದೆಯನ್ನು ಹಾಕಿದರೆ ಅದೇ ಕೋಣೆಯ ಮೇಲೆ ವರ್ಷಕ್ಕೆ 220 ಕಿಲೋಗ್ರಾಮಿನಷ್ಟು ಮಣ್ಣು ಏರುವುದು. ಹಳೆಯದನ್ನು ಕೆರೆದು ಇಳಿಸದೆ ಇಪ್ಪತ್ತು ವರ್ಷ ಹೀಗೆಯೇ ನಡೆದರೆ ನಾಲ್ಕು ಟನ್ನಿಗಿಂತ ಅಧಿಕ. ಕೆರೆದು ಇಳಿಸುವುದು ಹಿರಿಯರ ಕ್ರಮದಲ್ಲಿ ಸೇರಿದ್ದ ಕೆಲಸವೇ. ಆದರೆ ಏರಿಸುವುದಕ್ಕೆ ಸಿಕ್ಕುವ ಆಳು ಇಳಿಸುವುದಕ್ಕೆ ಸಿಕ್ಕುವುದಿಲ್ಲವೆಂಬುದು ಮನೆ ನಡೆಸುವವರಿಗೆಲ್ಲ ಗೊತ್ತಿರುವ ಮಾತು. ಮಣ್ಣು ನೆನೆದಾಗ ಈ ತೂಕವೆಲ್ಲವೂ ಇನ್ನಷ್ಟು ಹೆಚ್ಚುವುದು.

2009ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ಣಾಟಕದ ಮೇಲೆ ಎಡೆಬಿಡದೆ ಮಳೆ ಸುರಿಯಿತು. ತುಂಗಭದ್ರೆಯು ಉಕ್ಕಿ ನದಿಯ ಆಚೆಯ ಮಂತ್ರಾಲಯವು ಮುಳುಗಿತು. ರಾಯಚೂರು ಜಿಲ್ಲೆಯನ್ನೊಳಗೊಂಡು ಅನೇಕ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಕುಸಿದು ಜನರು ಅಸುನೀಗಿದರು. ಸರಕಾರದವರು ಆಸರೆ ಎಂಬ ಯೋಜನೆಯಿಂದ ಹೊಸ ಮನೆಗಳನ್ನು ಕಟ್ಟಿಸಿದರು. ಆ ಅನಾಹುತವಾದಂದಿನಿಂದ ಮಾಳಿಗೆಯ ಮನೆಯೆಂದರೆ ಅಪಾಯದ ಮನೆಯೆಂಬ ಭಾವನೆಯು ಬಲಿತು, ಗಟ್ಟಿಯಾದ ತೊಲೆಗಳುಳ್ಳ ಒಳ್ಳೆಯ ವಾಡೆಗಳನ್ನು ಸಹ ಕೆಡವುವುದು ಹೆಚ್ಚಿತು. ಈ ಭಯವನ್ನು ಹಗುರವಾಗಿ ಕಾಣಬಾರದು. ಪ್ರಾಣಕ್ಕೆ ಬಂದಾಗ ಪರಂಪರೆಯ ಮಾತು ರುಚಿಸದು. ಆದರೆ ನೋಡಬೇಕಾದ ಅಂಶವೊಂದುಂಟು: ಹಲವು ದಿನ ನೆನೆದ ಗೋಡೆ, ವರ್ಷಗಟ್ಟಲೆ ಏರಿದ ಮಣ್ಣು, ಗೆದ್ದಲು ತಿಂದ ಜಂತೆಯ ತುದಿ, ಇವೇ ಇಂಥ ಮನೆಗಳು ಬೀಳುವುದಕ್ಕೆ ಕಾರಣ. ಮರದ ಮೇಲೆ ನೆಲವನ್ನು ಕಟ್ಟುವ ತತ್ತ್ವವು ಅಲ್ಲಿ ತಪ್ಪಿತಸ್ಥನಲ್ಲ.

ಹಾಗಾದರೆ ಉಳಿದಿರುವ ವಾಡೆಗಳ ಮೇಲಂತಸ್ತಿನಲ್ಲಿ ಹೊಸ ನೆಲವನ್ನು ಹಾಸಬೇಕಾದವರು ಏನು ಮಾಡಬೇಕು? ಇಲ್ಲಿ ಪ್ಲೈವುಡ್ಡಿನ ಪ್ರಸಂಗವು ಬರುವುದು. ಬಿಸಿಲು ಮಳೆಗೆ ತೆರೆದ ಮಾಳಿಗೆಗೆ ಇದು ಸಲ್ಲದು. ಸೂರಿನ ಕೆಳಗಿರುವ ಮಹಡಿಯ ನೆಲಕ್ಕೆ ಮಾತ್ರ ಈ ಮಾತು ಅನ್ವಯಿಸುವುದು.

ಪ್ಲೈವುಡ್ಡೆಂದರೆ ಮರವನ್ನು ತೆಳ್ಳನೆಯ ಹಾಳೆಗಳಾಗಿ ಸುಲಿದು, ಒಂದು ಹಾಳೆಯ ಎಳೆಯು ಉದ್ದಕ್ಕೂ ಮುಂದಿನದರ ಎಳೆಯು ಅಡ್ಡಕ್ಕೂ ಬರುವಂತೆ ಅಂಟಿಸಿ ಒತ್ತಿದ ಹಲಗೆ. ಹಾಳೆಗಳ ಸಂಖ್ಯೆಯು ಸಾಮಾನ್ಯವಾಗಿ ಬೆಸವಾಗಿರುವುದು. ಇದರ ಮರ್ಮವು ಮರದ ಸ್ವಭಾವದಲ್ಲಿದೆ. ಹಸಿಮರವು ಪೂರ್ತಿಯಾಗಿ ಒಣಗುವಷ್ಟರಲ್ಲಿ ಅಡ್ಡಕ್ಕೆ ನೂರಕ್ಕೆ ನಾಲ್ಕರಿಂದ ಎಂಟು ಪಾಲಿನಷ್ಟು ಕುಗ್ಗಬಹುದು. ಉದ್ದಕ್ಕೆ ಕಾಲು ಪಾಲೂ ಕುಗ್ಗದು. ಆದುದರಿಂದ ಪ್ರತಿಯೊಂದು ಹಾಳೆಯ ಅಡ್ಡಕುಗ್ಗನ್ನು ಪಕ್ಕದ ಹಾಳೆಯ ಉದ್ದದ ಬಿಗುವು ತಡೆದು ನಿಲ್ಲಿಸುವುದು. ತೊಲೆ, ಜಂತೆ, ಸೀಳುಕಟ್ಟಿಗೆಗಳ ಅಡ್ಡ ಜೋಡಣೆಯಲ್ಲಿ ಕಂಡ ತತ್ತ್ವವೇ ಇದು. ಭೇದವೆಂದರೆ ಅಲ್ಲಿ ಒಂದು ಮಾರು ಎತ್ತರದಲ್ಲಿದ್ದುದು ಇಲ್ಲಿ ಅರ್ಧ ಅಂಗುಲದೊಳಗೆ ಅಡಗಿದೆ, ಅಲ್ಲಿಲ್ಲದ ಅಂಟು ಇಲ್ಲಿದೆ. ಈ ಉಪಾಯವು ಹೊಸದೂ ಅಲ್ಲ, ಒಂದೇ ದೇಶದ್ದೂ ಅಲ್ಲ. ಈಜಿಪ್ತಿನ ಸಕ್ಕಾರಾದಲ್ಲಿ ದೊರೆತ ಮೂರನೆಯ ರಾಜವಂಶದ ಕಾಲದ ಶವಪೆಟ್ಟಿಗೆಯೊಂದನ್ನು ಆರು ತೆಳುಹಲಗೆಗಳನ್ನು ಅಡ್ಡಡ್ಡ ಜೋಡಿಸಿ ಮಾಡಿದ್ದರು. ಅವನ್ನು ಹಿಡಿದಿದ್ದುದು ಅಂಟಲ್ಲ, ಮರದ ಗೂಟಗಳು.

ಅಂಟಿನ ವಿಷಯದಲ್ಲಿ ಕನ್ನಡನಾಡಿನ ಸಾಕ್ಷ್ಯವು ದೂರವಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರ ಬರೆಯುವ ಮುನ್ನ ಗೋಡೆಯನ್ನು ಸಿದ್ಧಗೊಳಿಸುವ ವಿಧಿಯಿದೆ. ಎಮ್ಮೆಯ ತೊಗಲನ್ನು ಬೆಣ್ಣೆಯಂತೆ ಮೆತ್ತಗಾಗುವ ತನಕ ಬೇಯಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಟ್ಟುಕೊಂಡು, ಬೇಕಾದಾಗ ನೀರಿನಲ್ಲಿ ಕಾಯಿಸಿ, ಬಿಳಿಯ ಮಣ್ಣಿನೊಡನೆ ಬೆರಸಿ, ಒಣಗಿದಂತೆಲ್ಲ ಮೂರು ಸಲ ಲೇಪಿಸಬೇಕು. ಇದಕ್ಕೆ ವಜ್ರಲೇಪವೆಂದು ಹೆಸರು. ಚಿತ್ರಕ್ಕಿಂತ ಚಿತ್ರದ ಅಡಿಗೆ ಅಷ್ಟು ಎಚ್ಚರವನ್ನು ಆ ಅರಸನು ವಹಿಸಿರುವನು. ಯೂರೋಪು ಅಮೆರಿಕಗಳ ಮೊದಲ ಪ್ಲೈವುಡ್ಡನ್ನು ಹಿಡಿದಿದ್ದುದು ಸಹ ಇಂಥದೇ ತೊಗಲಿನ, ಹಾಲಿನ, ರಕ್ತದ ಅಂಟು. ಇವೆಲ್ಲಕ್ಕೂ ಒಂದೇ ದೌರ್ಬಲ್ಯ, ನೀರು. 1930ರ ದಶಕದಲ್ಲಿ ನೀರಿಗೆ ಜಗ್ಗದ ರಾಸಾಯನಿಕ ಅಂಟುಗಳು ಬಳಕೆಗೆ ಬಂದ ಮೇಲೆಯೇ ಪ್ಲೈವುಡ್ಡು ಮನೆಯ ನೆಲಕ್ಕೆ ಯೋಗ್ಯವಾದುದು. ಇಂಡಿಯಾದಲ್ಲಿ ಅದಕ್ಕೆ ಮೊದಲು ಬೇಡಿಕೆ ಬಂದುದು ಚಹದ ಪೆಟ್ಟಿಗೆಗಳಿಂದ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ನಮ್ಮ ದಾಂಡೇಲಿಯಲ್ಲಿಯೂ ಪ್ಲೈವುಡ್ಡಿನ ಕಾರ್ಖಾನೆಯು ನಡೆದಿತ್ತು.

ಇನ್ನು ಹಾಸುವ ಕ್ರಮ. ಮೊದಲು ಹಳೆಯ ಗಚ್ಚನ್ನೂ ಮಣ್ಣನ್ನೂ ಪೂರ್ತಿಯಾಗಿ ಇಳಿಸಿ ಮರವನ್ನು ಬಯಲು ಮಾಡಬೇಕು. ಇದನ್ನು ತಪ್ಪಿಸಿ ಮಾಡುವ ಯಾವ ಕೆಲಸವೂ ಕೆಲಸವಲ್ಲ. ಜಂತೆಗಳ ತುದಿಗಳು ಗೋಡೆಯೊಳಗೆ ಹೊಕ್ಕಿರುವ ಸ್ಥಳದಲ್ಲಿ ಉಳಿಯಿಂದ ಚುಚ್ಚಿ ನೋಡಬೇಕು. ಗೆದ್ದಲೂ ಕೊಳೆತವೂ ತೊಡಗುವುದು ಅಲ್ಲಿಯೇ. ಸೊರಗಿದ ಜಂತೆಯನ್ನು ಬದಲಿಸಬೇಕು, ಅಥವಾ ಪಕ್ಕದಲ್ಲಿ ಜೊತೆಮರವನ್ನು ಕಟ್ಟಬೇಕು. ಮೇಲೆ ಎಷ್ಟು ಒಳ್ಳೆಯ ಪ್ಲೈವುಡ್ಡನ್ನು ಹಾಸಿದರೂ ಅದು ಸತ್ತ ಜಂತೆಗೆ ಜೀವ ಕೊಡಲಾರದು. ಆಮೇಲೆ ಹಲಗೆಗಳ ಮೇಲೆ ನಡೆದು ನೋಡಿ, ಕಿರುಗುಟ್ಟುವ ಹಲಗೆಯನ್ನು ಸ್ಕ್ರೂ ಹಾಕಿ ಜಂತೆಗೆ ಬಿಗಿಯಬೇಕು. ಬರಿಯ ಮೊಳೆಯು ಕಾಲಕ್ರಮದಲ್ಲಿ ಮೇಲೇಳುವುದು. ಉಬ್ಬಿದುದನ್ನು ಉಜ್ಜುಗೊರಡಿನಿಂದ ತೆಗೆದು, ತಗ್ಗನ್ನು ತುಂಬಿ, ರಸಮಟ್ಟವಿಟ್ಟು ಉದ್ದನೆಯ ಪಟ್ಟಿಯಿಂದ ನಾಲ್ಕೂ ಕಡೆಗೆ ಪರೀಕ್ಷಿಸಬೇಕು. ನೆನೆದ ಮರದ ಮೇಲೆ ಏನನ್ನೂ ಮುಚ್ಚಬಾರದು. ಪ್ಲೈವುಡ್ಡಿನ ಹಾಳೆಗಳನ್ನು ಸಹ ಕೆಲವು ದಿನ ಅದೇ ಕೋಣೆಯಲ್ಲಿಟ್ಟು ಅಲ್ಲಿಯ ಹವೆಗೆ ಒಗ್ಗಿಸಬೇಕು.

ಹಾಳೆಯು ಎಂಟು ಅಡಿಗೆ ನಾಲ್ಕು ಅಡಿ. ಸಮನಾದ ಗಟ್ಟಿ ಹಲಗೆಯ ಮೇಲೆ ತೆಳುವಾದ ಹೊದಿಕೆಯನ್ನು ಹಾಸುವುದಾದರೆ 6 ಮಿಲಿಮೀಟರಿನದು ಸಾಲಬಹುದು. ಡೊಂಕು ಹಲಗೆಯ ಮೇಲೆ 12 ಮಿಲಿಮೀಟರಿನದೇ ಲೇಸು. ಭಾರತೀಯ ಮಾನಕ 303ರಲ್ಲಿ ಸಾಧಾರಣ ತೇವಕ್ಕೆ ತಡೆಯುವುದೆಂದೂ ಕುದಿನೀರಿಗೂ ತಡೆಯುವುದೆಂದೂ ಎರಡು ವರ್ಗಗಳಿವೆ. ನೆಲಕ್ಕೆ ಎರಡನೆಯದನ್ನೇ ಆರಿಸತಕ್ಕದ್ದು. ಮೇಲ್ಮುಖದ ಎಳೆಯು ಜಂತೆಗಳಿಗೆ ಅಡ್ಡವಾಗಿ ಬರಬೇಕು. ಇಟ್ಟಿಗೆಯ ವರಸೆಯಂತೆ ಒಂದು ಸಾಲಿನ ಸಂದು ಮುಂದಿನ ಸಾಲಿನ ಸಂದಿಗೆ ಕೂಡಬಾರದು. ನಾಲ್ಕು ಮೂಲೆಗಳು ಒಂದೆಡೆ ಸೇರುವುದಂತೂ ಸರ್ವಥಾ ವರ್ಜ್ಯ. ಕೆಳಗಿನ ಹಲಗೆಯ ಸಂದೂ ಮೇಲಿನ ಹಾಳೆಯ ಸಂದೂ ಒಂದರ ಮೇಲೊಂದು ಬೀಳಕೂಡದು. ಅಂಚಿನಲ್ಲಿ ಆರು ಅಂಗುಲಕ್ಕೊಂದು, ನಡುವೆ ಎಂಟರಿಂದ ಹನ್ನೆರಡು ಅಂಗುಲಕ್ಕೊಂದು ಸ್ಕ್ರೂ, ತಲೆಯು ಹಾಳೆಯ ಮಟ್ಟಕ್ಕಿಂತ ಕೊಂಚ ಕೆಳಗಿಳಿಯುವಂತೆ. ಹಾಳೆಗಳ ನಡುವೆ ಎರಡು ಮೂರು ಮಿಲಿಮೀಟರಿನ ಸಂದು, ಗೋಡೆಯ ಬುಡದಲ್ಲಿ ಸುಮಾರು 10 ಮಿಲಿಮೀಟರು. ಈ ಸಂದುಗಳನ್ನು ಗೌಂಡಿಗಳು ಅನೇಕ ವೇಳೆ ಕೆಲಸದ ಕೊರತೆಯೆಂದು ಭಾವಿಸಿ ಗಾರೆಯಿಂದ ಮುಚ್ಚಿಬಿಡುವರು. ಮರವು ಮಳೆಗಾಲದಲ್ಲಿ ಹಿಗ್ಗುವುದಕ್ಕಾಗಿ ಬಿಟ್ಟ ಎಡೆಯು ಹಾಗೆ ಮುಚ್ಚಿಹೋದರೆ ಹಾಳೆಗಳು ಒಂದನ್ನೊಂದು ದೂಡಿ ನಡುವೆ ಗುಡ್ಡದಂತೆ ಏಳುವುವು.

ಹನ್ನೆರಡು ಮಿಲಿಮೀಟರಿನ ಇಂಥ ಹಾಸಿನ ತೂಕವು ಚದರ ಮೀಟರಿಗೆ ಸುಮಾರು 8 ಕಿಲೋಗ್ರಾಂ. ಮೇಲೆ ಹೇಳಿದ ಕೋಣೆಗೆ 90 ಕಿಲೋಗ್ರಾಂ ಆಯಿತು. ಪರಸಿ ಗಾರೆಗಳ 1800ರ ಮುಂದೆ ಇದನ್ನಿಟ್ಟು ನೋಡಿದರೆ ಮತ್ತೆ ವಾದ ಬೇಕಿಲ್ಲ. ಅದರ ಮೇಲೆ ಮರದ ಪಟ್ಟಿಗಳನ್ನೋ ಲಿನೋಲಿಯಮ್ಮಿನಂಥ ಹಗುರ ಹೊದಿಕೆಯನ್ನೋ ಹಾಸಿದರೆ ಹಳೆಯ ತೊಲೆಗಳು ತಮ್ಮ ಹಿಂದಿನ ಭಾರಕ್ಕಿಂತ ಕಡಮೆಯದನ್ನೇ ಹೊರುವುವು. ಪರಸಿಯೇ ಬೇಕೆಂಬ ಹಟವಿರುವವರು ಅದನ್ನು ಕೆಳಗಿನ ಪಡಸಾಲೆಗೆ ಹಾಸಿಕೊಳ್ಳಲಿ.

ಪ್ಲೈವುಡ್ಡಿಗೂ ಗೆದ್ದಲಿನ ಭಯವುಂಟು. ಅಂಟು ನೀರನ್ನು ತಡೆದೀತು, ಹುಳುವನ್ನು ತಡೆಯದು. ತುಂಗಭದ್ರೆಯ ಎಡದಂಡೆಯ ಕಾಲುವೆಯಲ್ಲಿ 1953ರಿಂದ ನೀರು ಹರಿಯತೊಡಗಿದಂದಿನಿಂದ ಮಾನ್ವಿ ಸೀಮೆಯ ಎಷ್ಟೋ ಊರುಗಳಲ್ಲಿ ಹೊಲಗಳು ಗದ್ದೆಗಳಾಗಿವೆ, ನೆಲದೊಳಗಿನ ತೇವವು ಮೇಲೇರಿದೆ. ಬುಡದಲ್ಲಿ ತಂಪು ಹತ್ತಿದ ಮಣ್ಣಿನ ಗೋಡೆಯು ಗೆದ್ದಲಿಗೆ ಏಣಿಯಿದ್ದಂತೆ. ಆದುದರಿಂದ ಹಾಳೆಗಳನ್ನು ಬೋರಾಕ್ಸಿನಂಥ ಲವಣದಿಂದ ಸಂಸ್ಕರಿಸಿದವನ್ನೇ ಕೊಳ್ಳಬೇಕು, ಜಂತೆಯ ತುದಿಗಳಿಗೂ ಅದನ್ನೇ ಬಳಿಯಬೇಕು. ಬೇವಿನ ತಪ್ಪಲು ಮಾಡುತ್ತಿದ್ದ ಮೂರು ಕೆಲಸಗಳನ್ನು ಹಾಳೆಯು ವಹಿಸಿಕೊಂಡಿತು. ಹುಳುಗಳನ್ನು ದೂರವಿಡುವುದನ್ನು ಲವಣಕ್ಕೆ ಒಪ್ಪಿಸಬೇಕಾಗಿದೆ.